ಚೆಂಡು ಕೈತಪ್ಪುವುದಕ್ಕೆ ಎರಡು ಸೆಕೆಂಡ್ ಮೊದಲು

ಕಳೆದ ವರ್ಷ ಒಂದು ಅಂತರಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ನಮ್ಮ ಹುಡುಗಿಯರು ಸೋತರು. ಆಟ ಮುಗಿದ ಮೇಲೆ ಒಬ್ಬಳ ತಂದೆ ಹತ್ತಿರ ಬಂದು, "ಮೇಡಂ, ಶೂಟಿಂಗ್ ಸ್ವಲ್ಪ ಜಾಸ್ತಿ ಪ್ರಾಕ್ಟೀಸ್ ಮಾಡಿಸಬೇಕು ಅಂತ ಕಾಣ್ತದೆ" ಎಂದರು. ಕಾಳಜಿಯಿಂದಲೇ ಹೇಳಿದ ಮಾತು. ರಾತ್ರಿ ಮನೆಯಲ್ಲಿ, ಮೊಬೈಲಿನಲ್ಲಿ ಯಾರೋ ಹಿಡಿದಿದ್ದ ವಿಡಿಯೊ ಹಾಕಿಕೊಂಡು ಕೂತೆ. ಶೂಟಿಂಗ್ ಅಷ್ಟೇನೂ ಕೆಟ್ಟಿರಲಿಲ್ಲ. ಶೂಟ್ ಮಾಡುವ ಜಾಗಕ್ಕೆ ಚೆಂಡು ತಲುಪಿದ್ದೇ ಕಡಿಮೆ. ಎರಡನೇ ಕ್ವಾರ್ಟರಿನಲ್ಲಿ ಎದುರಾಳಿಗಳು ಇಡೀ ಕೋರ್ಟಿಗೆ ಪ್ರೆಸ್ ಹಾಕಿದ್ದರು, ಅಂದರೆ ಚೆಂಡು ಇರುವವಳನ್ನು ಎಲ್ಲ ಕಡೆಯೂ ಬೆನ್ನುಬಿದ್ದು ಒತ್ತುತ್ತಿದ್ದರು. ನಮ್ಮ ಒಂದು ಪಾಸ್ ಗೆರೆಯಾಚೆ ಹೋಯಿತು, ಇನ್ನೊಂದು ನೇರ ಎದುರಾಳಿಯ ಎದೆಗೆ ಹೋಯಿತು, ಮೂರನೆಯ ಸಲ ಟ್ರಾವೆಲ್‌ಗೆ, ಅಂದರೆ ಚೆಂಡು ಹಿಡಿದು ನಿಯಮ ಮೀರಿ ಹೆಜ್ಜೆ ಇಟ್ಟದ್ದಕ್ಕೆ, ಸೀಟಿ ಬಿತ್ತು. ನಾಲ್ಕನೆಯ ಸಲ ಚೆಂಡು ಬಂದಾಗ ನಮ್ಮ ಹುಡುಗಿ ಅದನ್ನು ಬಿಸಿ ಪಾತ್ರೆಯ ಹಾಗೆ ಹಿಡಿದಿದ್ದಳು.

ಮಂಗಳೂರಿನ ಒಂದು ಕಾಲೇಜಿನ ಹೆಣ್ಣುಮಕ್ಕಳ ತಂಡಕ್ಕೆ ನಾನು ಸಂಜೆ ಹೊತ್ತು ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ತಂಡದಲ್ಲಿ ಹೆಚ್ಚಿನವರು ಮೊದಲ ಮತ್ತು ಎರಡನೇ ವರ್ಷದ ಡಿಗ್ರಿಯವರು. ಈ ವಯಸ್ಸಿನ ತಂಡದ ಜೊತೆ ಕೆಲಸ ಮಾಡುವವರಿಗೆಲ್ಲ ಇರುವ ತಲೆನೋವು ಒಂದೇ, ಟರ್ನೋವರ್. ಆದರೂ ಅದರ ಬಗ್ಗೆ ಸರಿಯಾದ ಮಾತು ನಡೆಯುವುದಿಲ್ಲ. ಅದಕ್ಕೊಂದು ಕಾರಣ ಸ್ಕೋರ್‌ಶೀಟಿನಲ್ಲೇ ಇದೆ. ಅಲ್ಲಿ ಅಂಕಗಳನ್ನು ಬರೆಯುತ್ತಾರೆ, ಫೌಲ್ ಬರೆಯುತ್ತಾರೆ, ಟೈಮ್‌ಔಟ್ ಬರೆಯುತ್ತಾರೆ. ಟರ್ನೋವರ್ ಬರೆಯುವುದಕ್ಕೆ ಜಾಗವೇ ಇಲ್ಲ. ಸೋಲಿನ ದೊಡ್ಡ ಕಾರಣ ಕಾಗದದ ಮೇಲೆ ಬೀಳುವುದೇ ಇಲ್ಲವಾದ್ದರಿಂದ ಎಲ್ಲರ ಕಣ್ಣು ತಪ್ಪಿದ ಶಾಟ್‌ಗಳ ಮೇಲೆ ಹೋಗುತ್ತದೆ.

ಟರ್ನೋವರ್ ಎಂದರೆ, ರಿಂಗಿನ ಕಡೆ ಒಂದು ಶಾಟ್ ಕೂಡ ಹೊಡೆಯದೆ ಚೆಂಡು ಎದುರು ತಂಡಕ್ಕೆ ಹೋಗುವುದು. ಶಾಟ್ ಹೊಡೆದು ತಪ್ಪಿದರೆ ಅದು ಟರ್ನೋವರ್ ಅಲ್ಲ. ಪಾಸನ್ನು ನಡುವೆ ಕಸಿದುಕೊಂಡರು, ಚೆಂಡನ್ನು ನೆಲಕ್ಕೆ ಬಡಿಯುತ್ತ ಡ್ರಿಬಲ್ ಮಾಡುವಾಗ ಕೈ ಹಾಕಿ ತಟ್ಟಿಕೊಂಡು ಹೋದರು, ಚೆಂಡು ಗೆರೆ ದಾಟಿತು, ಟ್ರಾವೆಲ್ ಆಯಿತು, ಡ್ರಿಬಲ್ ನಿಲ್ಲಿಸಿ ಮತ್ತೆ ಶುರುಮಾಡಿ ಡಬಲ್ ಡ್ರಿಬಲ್ ಆಯಿತು, ರಿಂಗಿನ ಕೆಳಗಿನ ಬಣ್ಣದ ಜಾಗದಲ್ಲಿ 3 ಸೆಕೆಂಡಿಗಿಂತ ಹೆಚ್ಚು ನಿಂತರು, 24 ಸೆಕೆಂಡಿನೊಳಗೆ ಶಾಟ್ ಹೊಡೆಯಲಿಲ್ಲ, ಚೆಂಡು ನಮ್ಮ ಹತ್ತಿರ ಇರುವಾಗ ನಾವೇ ಫೌಲ್ ಮಾಡಿದೆವು, ಎಲ್ಲವೂ ಇದರಲ್ಲೇ ಬರುತ್ತದೆ. ಆದರೆ ಎಲ್ಲದರ ಬೆಲೆ ಒಂದೇ ಅಲ್ಲ. ಟ್ರಾವೆಲ್ ಆದರೆ ಆಟ ನಿಲ್ಲುತ್ತದೆ. ಐದು ಮಂದಿಯೂ ಓಡಿಬಂದು ಡಿಫೆನ್ಸಿಗೆ ನಿಲ್ಲಬಹುದು. ಪಾಸನ್ನು ಕಸಿದುಕೊಂಡರೆ ಆಟ ನಿಲ್ಲುವುದಿಲ್ಲ. ನಮ್ಮವರೆಲ್ಲ ಮುಂದಕ್ಕೆ ಓಡುತ್ತಿರುವಾಗ ಎದುರಾಳಿ ಒಬ್ಬಳೇ ಹಿಂದಕ್ಕೆ ಓಡಿ ರಿಂಗಿನ ಹತ್ತಿರದಿಂದಲೇ ಸುಲಭದ ಲೇಅಪ್ ಹಾಕಿ ಬರುತ್ತಾಳೆ.

ಒಂದು ಲೆಕ್ಕ ಮಾಡಿ ನೋಡೋಣ. ಫೌಲಿಗೆ ಸಿಗುವ ಫ್ರೀ ಥ್ರೋ, ತಪ್ಪಿದ ಶಾಟಿನ ಚೆಂಡನ್ನು ಹಿಡಿಯುವ ರೀಬೌಂಡ್ ಎಲ್ಲ ಸದ್ಯಕ್ಕೆ ಬದಿಗಿರಲಿ. ಒಂದು ಪಂದ್ಯದಲ್ಲಿ ಒಂದು ತಂಡಕ್ಕೆ 70 ಸಲ ಚೆಂಡು ಸಿಕ್ಕಿತು ಎಂದುಕೊಳ್ಳಿ. 28 ಸಲ ಅದು ಟರ್ನೋವರಿನಲ್ಲಿ ಹೋದರೆ ಉಳಿಯುವುದು 42 ಶಾಟ್. ಮೂರರಲ್ಲಿ ಒಂದು ಬಿದ್ದರೆ 14 ಬಾಸ್ಕೆಟ್, 28 ಅಂಕ. ಈಗ ಟರ್ನೋವರ್ 19ಕ್ಕೆ ಇಳಿಯಿತು ಎನ್ನಿ. ಶಾಟ್ 51, ಬಾಸ್ಕೆಟ್ 17, ಅಂಕ 34. ಶೂಟಿಂಗ್ ಒಂದಿಷ್ಟೂ ಸುಧಾರಿಸದೆ 6 ಅಂಕ ಹೆಚ್ಚಾಯಿತು. ಕಡಿಮೆಯಾದ ಆ 9 ಟರ್ನೋವರುಗಳಲ್ಲಿ ನಾಲ್ಕು ಎದುರಾಳಿಗೆ ಲೇಅಪ್ ಆಗಿ ಹೋಗುತ್ತಿದ್ದವು ಎಂದಿಟ್ಟುಕೊಂಡರೆ ಇನ್ನೂ 8 ಅಂಕ ಉಳಿಯಿತು. ಒಟ್ಟು 14 ಅಂಕಗಳ ಅಂತರ. ಹುಡುಗಿಯರಿಗೆ ಈ ಲೆಕ್ಕವನ್ನು ಕಾಲೇಜಿನ ಬೋರ್ಡಿನ ಮೇಲೆ ಬರೆದು ತೋರಿಸಿದಾಗ ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ಅಮೆರಿಕದ ವಿಶ್ಲೇಷಕ ಡೀನ್ ಆಲಿವರ್ ಪಂದ್ಯದ ಗೆಲುವನ್ನು ನಾಲ್ಕು ಅಂಶಗಳಾಗಿ ಬಿಡಿಸಿ, ಶೂಟಿಂಗಿಗೆ ಸುಮಾರು 40, ಟರ್ನೋವರಿಗೆ 25, ರೀಬೌಂಡಿಗೆ 20, ಫ್ರೀ ಥ್ರೋಗೆ 15 ಶೇಕಡಾ ತೂಕ ಕೊಟ್ಟಿದ್ದಾರೆ. ಅದು ವೃತ್ತಿಪರರ ಆಟ ನೋಡಿ ಮಾಡಿದ ಲೆಕ್ಕ. ಹದಿನೆಂಟು ಹತ್ತೊಂಬತ್ತರ ಹುಡುಗಿಯರ ತಂಡದಲ್ಲಿ ಟರ್ನೋವರಿನ ತೂಕ ಇನ್ನೂ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಅವರ ಬೇಲಿಯಲ್ಲಿ ಅತಿ ದೊಡ್ಡ ಕಂಡಿ ಇರುವುದು ಅಲ್ಲೇ. ಇನ್ನೊಂದು ಮಾತು: ಎಷ್ಟು ಸಲ ಎಂದು ಎಣಿಸಿದರೆ ಸಾಲದು, ನೂರಕ್ಕೆ ಎಷ್ಟು ಎಂದು ನೋಡಬೇಕು. ಓಡಿ ಆಡುವ ತಂಡಕ್ಕೆ ಚೆಂಡು ಹೆಚ್ಚು ಸಲ ಸಿಗುತ್ತದೆ, ಹಾಗಾಗಿ ತಪ್ಪುವುದೂ ಹೆಚ್ಚು. ಮೇಲಿನ ಲೆಕ್ಕದಲ್ಲಿ 70ಕ್ಕೆ 28 ಎಂದರೆ ನೂರಕ್ಕೆ 40. 70ಕ್ಕೆ 19 ಎಂದರೆ ನೂರಕ್ಕೆ 27. ನಿಧಾನವಾಗಿ ಆಡಿ ಟರ್ನೋವರ್ ಕಡಿಮೆಯಾಯಿತು ಎಂದು ಸಮಾಧಾನ ಪಟ್ಟುಕೊಳ್ಳುವ ತಂಡಗಳನ್ನು ಈ ಶೇಕಡಾ ಲೆಕ್ಕ ಎಚ್ಚರಿಸುತ್ತದೆ.

ಇನ್ನು ವಿಷಯಕ್ಕೆ ಬರುತ್ತೇನೆ. "ಎಂತ ಆಯ್ತು?" ಎಂದು ಕೇಳಿದರೆ ಹುಡುಗಿಯರು ಹೇಳುವುದು, "ಪಾಸ್ ತಪ್ಪಿತು ಮೇಡಂ", "ಕೈಯಿಂದ ಜಾರಿತು ಮೇಡಂ." ಆ ವಿಡಿಯೊವನ್ನು ಹಿಂದೆ ಮುಂದೆ ಮಾಡಿ ನೋಡಿದಾಗ ನನಗೆ ಕಂಡದ್ದು ಬೇರೆ. ಚೆಂಡು ಕೈತಪ್ಪಿದ ಕ್ಷಣದಲ್ಲಿ ಹೆಚ್ಚಿನ ಸಲ ಆಟಗಾರ್ತಿಗೆ ಬೇರೆ ದಾರಿಯೇ ಉಳಿದಿರಲಿಲ್ಲ. ದಾರಿ ಮುಚ್ಚಿದ್ದು ಅದಕ್ಕೆ ಒಂದೆರಡು ಸೆಕೆಂಡ್ ಮೊದಲು. ಚೆಂಡು ಹಿಡಿಯುವ ಮುಂಚೆ ಅವಳು ತಲೆ ಎತ್ತಿ ನೋಡಿರಲಿಲ್ಲ. ಅಥವಾ ಡ್ರಿಬಲ್ ಮಾಡುತ್ತ ಮೂಲೆಗೆ ಹೋಗಿಬಿಟ್ಟಿದ್ದಳು. ಅಥವಾ ಚೆಂಡು ತೆಗೆದುಕೊಳ್ಳಬೇಕಾದ ಗೆಳತಿ ಡಿಫೆಂಡರಿನ ಬೆನ್ನ ಹಿಂದೆ ಸುಮ್ಮನೆ ನಿಂತಿದ್ದಳು. ನಾವು ಬೈಯುವುದು ಕೊನೆಯ ಕೈಯನ್ನು. ತಪ್ಪು ಶುರುವಾಗುವುದು ಕಣ್ಣಿನಲ್ಲಿ, ಕಾಲಿನಲ್ಲಿ, ಕೆಲವು ಸಲ ಬೇರೆಯವಳ ಕಾಲಿನಲ್ಲಿ.

ನಮ್ಮ ಕಡೆಯ ಹುಡುಗಿಯರ ವಿಷಯದಲ್ಲಿ ಒಂದು ವಿಶೇಷ ಉಂಟು. ಹೆಚ್ಚಿನವರು ಬಾಸ್ಕೆಟ್‌ಬಾಲಿಗೆ ಬರುವುದು ಥ್ರೋಬಾಲ್, ವಾಲಿಬಾಲ್, ಕಬಡ್ಡಿ ಆಡಿಕೊಂಡು. ಥ್ರೋಬಾಲಿನಿಂದ ಬಂದವಳ ಕೈ ತುಂಬ ಚೆನ್ನಾಗಿರುತ್ತದೆ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿಯುವುದು ಅವಳಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಆ ಆಟದಲ್ಲಿ ಹಿಡಿದ ಚೆಂಡನ್ನು 3 ಸೆಕೆಂಡಿನೊಳಗೆ ಭುಜದ ಮೇಲಿನಿಂದ ಎಸೆಯಬೇಕು. ವರ್ಷಗಟ್ಟಲೆ ಹಾಗೆ ಆಡಿದ ದೇಹಕ್ಕೆ ಚೆಂಡು ಕೈಗೆ ಬಿದ್ದ ಕೂಡಲೇ ಕೈ ಮೇಲೆ ಹೋಗುತ್ತದೆ, ಚೆಂಡು ತಲೆಯ ಮೇಲಿಂದ ಹಾರುತ್ತದೆ. ಥ್ರೋಬಾಲಿನಲ್ಲಿ ನಡುವೆ ನೆಟ್ ಇದೆ, ಕಸಿಯುವವರು ಇಲ್ಲ. ಬಾಸ್ಕೆಟ್‌ಬಾಲಿನಲ್ಲಿ ಎತ್ತರದ ಪಾಸ್ ಎಂದರೆ ಗಾಳಿಯಲ್ಲಿ ಹೆಚ್ಚು ಹೊತ್ತು ಇರುವ ಪಾಸ್. ಎದುರಾಳಿ ಓಡಿಬಂದು ಹಿಡಿಯುವುದಕ್ಕೆ ಅಷ್ಟು ಸಮಯ ಧಾರಾಳ ಸಾಕು. ಹಾಗಾಗಿ ಥ್ರೋಬಾಲ್ ಹುಡುಗಿಯರಿಗೆ ನಾನು ಮೊದಲು ಹೇಳಿಕೊಡುವುದು ಪಾಸ್ ಅಲ್ಲ, ತಡೆದು ನಿಲ್ಲುವುದು. ಹಿಡಿ, ಚೆಂಡನ್ನು ಗದ್ದದ ಕೆಳಗೆ ತಾ, ಮೊಣಕೈ ಹೊರಗಿರಲಿ, ಮೊಣಕಾಲು ಮಡಚು, ನೋಡು. ಆಮೇಲೆ ಕೊಡು. ಕಬಡ್ಡಿಯವರಿಗೆ ಈ ತೊಂದರೆ ಇಲ್ಲ. ಅವರು ಬಗ್ಗಿ ನಿಲ್ಲುವುದನ್ನು, ತೂಕವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುವುದನ್ನು ಮೊದಲೇ ಕಲಿತು ಬಂದಿರುತ್ತಾರೆ.

ಟ್ರಾವೆಲ್ ಬಗ್ಗೆ ಹೇಳುವುದಾದರೆ, ಎಳೆಯ ತಂಡಗಳಲ್ಲಿ ಅದು ಹೆಚ್ಚಾಗಿ ಆಗುವುದು ಓಡುವಾಗ ಅಲ್ಲ, ನಿಂತಲ್ಲಿಂದ ಹೊರಡುವಾಗ. ನಿಂತು ಚೆಂಡು ಹಿಡಿದವಳು ಡ್ರಿಬಲ್ ಶುರುಮಾಡಬೇಕಾದರೆ, ಪಿವಟ್ ಕಾಲು, ಅಂದರೆ ಊರಿಕೊಂಡು ತಿರುಗುವ ಕಾಲು, ನೆಲದಿಂದ ಏಳುವ ಮೊದಲು ಚೆಂಡು ಕೈ ಬಿಟ್ಟಿರಬೇಕು. ಗಡಿಬಿಡಿಯಲ್ಲಿ ಕಾಲು ಮೊದಲು ಏಳುತ್ತದೆ, ಚೆಂಡು ಆಮೇಲೆ ಬೀಳುತ್ತದೆ. ಅಂತರರಾಷ್ಟ್ರೀಯ ಸಂಸ್ಥೆ ಫಿಬಾ 2017ರಲ್ಲಿ ಈ ನಿಯಮವನ್ನು ಸ್ವಲ್ಪ ಸಡಿಲಿಸಿತು: ಓಡುತ್ತಲೇ ಚೆಂಡು ಹಿಡಿಯುವವಳಿಗೆ, ಹಿಡಿಯುವಾಗ ನೆಲದಲ್ಲಿರುವ ಕಾಲನ್ನು ಲೆಕ್ಕಕ್ಕೆ ಹಿಡಿಯದೆ ಮುಂದೆ ಎರಡು ಹೆಜ್ಜೆ ಸಿಗುತ್ತದೆ. ಆದರೆ ನಿಂತವಳಿಗೆ ಆ ಸಡಿಲಿಕೆ ಇಲ್ಲ. ಈ ವ್ಯತ್ಯಾಸ ಹುಡುಗಿಯರಿಗೆ ಸ್ಪಷ್ಟವಾಗದೆ ಎಷ್ಟೋ ಸಲ ಅಂಪೈರರ ಕಡೆ ಕಣ್ಣರಳಿಸಿ ನೋಡುತ್ತಾರೆ. ನಮ್ಮಲ್ಲಿ ಯಕ್ಷಗಾನದ ಹೆಜ್ಜೆ ಕಲಿತ ಹುಡುಗಿಯೊಬ್ಬಳು ಇದ್ದಳು. ಪಿವಟ್ ಅವಳಿಗೆ ಒಂದೇ ಸಂಜೆಯಲ್ಲಿ ಬಂತು. ಯಾವ ಕಾಲು ನೆಲಕ್ಕೆ ಸೇರಿದ್ದು, ಯಾವುದು ಆಡಬಹುದಾದ್ದು ಎಂಬುದು ತಾಳದ ಜೊತೆ ಅವಳ ಮೈಯಲ್ಲಿ ಇಳಿದಿತ್ತು. ಉಳಿದವರಿಗೆ ಆಗ ಕೈಯಲ್ಲಿ ಚೆಂಡೇ ಕೊಡದೆ, ಅವಳ ಹಿಂದೆ ಸಾಲಾಗಿ ನಿಲ್ಲಿಸಿ, ನಿಲ್ಲು, ತಿರುಗು, ನಿಲ್ಲು ಎಂದು ಮಾಡಿಸಿದೆ.

ಪಾಸ್ ದೊಡ್ಡ ಅಧ್ಯಾಯ. ಪಾಸ್ ಕೊಡುವವಳಷ್ಟೇ ತೆಗೆದುಕೊಳ್ಳುವವಳೂ ಅದಕ್ಕೆ ಜವಾಬ್ದಾರಳು; ಇದನ್ನು ತಂಡ ಒಪ್ಪಿದ ದಿನ ಅರ್ಧ ಕೆಲಸ ಮುಗಿಯಿತು. ಚೆಂಡು ತನ್ನ ಕಡೆ ಬರುತ್ತಿರುವಾಗ ಕಾಯುತ್ತ ನಿಂತರೆ ಆ ಚೆಂಡು ಇಬ್ಬರದ್ದು, ನಿಮ್ಮದು ಮತ್ತು ನಿಮ್ಮ ಪಕ್ಕದ ಡಿಫೆಂಡರಿನದ್ದು. ಎರಡು ಹೆಜ್ಜೆ ಎದುರು ಬಂದು ತೆಗೆದುಕೊಂಡರೆ ಅದು ನಿಮ್ಮದು ಮಾತ್ರ. ನಾಲ್ಕು ಮೀಟರಿನ ಪಾಸ್ ಎರಡೂವರೆ ಮೀಟರಿಗೆ ಇಳಿಯುತ್ತದೆ, ನಡುವೆ ಕೈ ಹಾಕುವುದಕ್ಕೆ ಜಾಗ ಉಳಿಯುವುದಿಲ್ಲ. ಜೊತೆಗೆ, ಬೇಕಾದ ಕಡೆ ಕೈ ಚಾಚಿ ತೋರಿಸಬೇಕು: ಡಿಫೆಂಡರಿನಿಂದ ದೂರದ ಕೈ. ಪಾಸ್ ಆ ಕೈಗೆ ಹೋಗಬೇಕು, ಎದೆಗಲ್ಲ.

ಓಡುತ್ತಿರುವವಳಿಗೆ ಪಾಸ್ ಕೊಡುವುದನ್ನು ನಾನು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನ ಉದಾಹರಣೆಯಲ್ಲಿ ಹೇಳುತ್ತೇನೆ. ಆಗಲೇ ಹೊರಟ ಸಿಟಿ ಬಸ್ಸು ಹತ್ತುವವರು ಬಾಗಿಲು ಈಗ ಎಲ್ಲಿದೆ ಎಂದು ನೋಡಿ ಓಡುವುದಿಲ್ಲ. ಬಾಗಿಲು ಎಲ್ಲಿಗೆ ಬಂದು ಮುಟ್ಟುತ್ತದೆ ಎಂದು ಅಂದಾಜು ಮಾಡಿ ಅಲ್ಲಿಗೆ ಓಡುತ್ತಾರೆ. ಗೆಳತಿ ಇರುವಲ್ಲಿಗೆ ಕೊಟ್ಟ ಪಾಸ್ ಅವಳ ಬೆನ್ನಿಗೆ ಬೀಳುತ್ತದೆ. (ಬಸ್ಸಿಗೆ ಹಾಗೆ ಓಡಿ ಹತ್ತಬೇಡಿ ಎಂದೂ ಅದೇ ಉಸಿರಿನಲ್ಲಿ ಹೇಳುತ್ತೇನೆ. ತಂಡಕ್ಕೆ ಕಾಲುಗಳು ಬೇಕು.)

ಕಣ್ಣಿನ ವಿಷಯ ಇದಕ್ಕಿಂತ ಸೂಕ್ಷ್ಮ. ಒಳ್ಳೆಯ ಡಿಫೆಂಡರ್ ನೋಡುವುದು ಚೆಂಡನ್ನಲ್ಲ, ಪಾಸ್ ಕೊಡುವವಳ ಕಣ್ಣನ್ನು. ಹೊಸಬಳು ಯಾರಿಗೆ ಕೊಡಬೇಕೋ ಅವಳನ್ನೇ ನೋಡುತ್ತ ನಿಲ್ಲುತ್ತಾಳೆ. ಅಂಚೆಗೆ ಹಾಕುವ ಮೊದಲೇ ವಿಳಾಸ ಓದಿ ಹೇಳಿದ ಹಾಗೆ. ಅದಕ್ಕೆ ಮದ್ದು ಫೇಕ್. ಕೆಳಗಿಂದ ಬೌನ್ಸ್ ಪಾಸ್ ಕೊಡಬೇಕಾದರೆ ಮೊದಲು ಮೇಲೆ ತೋರಿಸು. ಡಿಫೆಂಡರಿನ ಕೈ ಮೇಲೆ ಹೋಗುತ್ತದೆ, ಕೆಳಗೆ ಕಿಟಕಿ ತೆರೆಯುತ್ತದೆ. ಮೇಲಿಂದ ಕೊಡಬೇಕಾದರೆ ಮೊದಲು ಕೆಳಗೆ. ಮೈಗೆ ಅಂಟಿಕೊಂಡು ನಿಂತ ಡಿಫೆಂಡರಿನ ಕಿವಿಯ ಪಕ್ಕ, ಕಂಕುಳ ಕೆಳಗೆ ಯಾವಾಗಲೂ ಒಂದು ದಾರಿ ಇರುತ್ತದೆ, ಏಕೆಂದರೆ ಒಂದು ಕೈಗೆ ಒಂದೇ ಕಡೆ ಇರಲು ಸಾಧ್ಯ. ಬೌನ್ಸ್ ಪಾಸ್ ನೆಲಕ್ಕೆ ಬೀಳಬೇಕಾದ್ದು ಇಬ್ಬರ ನಡುವಿನ ದೂರದ ಮೂರನೇ ಎರಡು ಭಾಗ ಕಳೆದ ಮೇಲೆ. ಇಷ್ಟನ್ನು ಗೋಡೆಗೆ ಪಾಸ್ ಹೊಡೆದು ಕಲಿಯಲಾಗದು. ಎದುರಿಗೆ ಒಬ್ಬಳು ಕೈ ಆಡಿಸುತ್ತ ನಿಲ್ಲಬೇಕು.

ನಾನು ಖಂಡಿತವಾಗಿ ಬೇಡ ಎನ್ನುವುದು ಎರಡು. ಜಿಗಿದು ಗಾಳಿಯಲ್ಲಿರುವಾಗ ಪಾಸ್ ಹುಡುಕುವುದು ಒಂದು. ಕಾಲು ನೆಲದಲ್ಲಿಲ್ಲದಿದ್ದರೆ ಮನಸ್ಸು ಬದಲಿಸಲು ಅವಕಾಶವಿಲ್ಲ. ಕೆಳಗೆ ಇಳಿಯುವ ಮೊದಲು ಯಾರಿಗಾದರೂ ಕೊಡಲೇಬೇಕು, ಆ ಯಾರೋ ಒಬ್ಬಳು ಹೆಚ್ಚಾಗಿ ಎದುರಾಳಿಯೇ. ಇನ್ನೊಂದು, ಚೆಂಡು ಸಿಕ್ಕ ಕೂಡಲೇ ಕಾರಣವಿಲ್ಲದೆ ಒಂದು ಸಲ ನೆಲಕ್ಕೆ ಬಡಿಯುವುದು. ಆ ಒಂದು ಬಡಿತಕ್ಕೆ ಡ್ರಿಬಲ್ ಖರ್ಚಾಯಿತು. ಮತ್ತೆ ಹಿಡಿದ ಮೇಲೆ ಇನ್ನು ಡ್ರಿಬಲ್ ಇಲ್ಲ ಎಂಬುದು ಎದುರಾಳಿಗೆ ಗೊತ್ತು. ಅವಳು ಒಂದು ಮೀಟರಿನೊಳಗೆ ಬಂದು ಒತ್ತುತ್ತಾಳೆ, ಚೆಂಡು ಬಿಡುವುದಕ್ಕೆ 5 ಸೆಕೆಂಡಿನ ಎಣಿಕೆ ಶುರುವಾಗುತ್ತದೆ.

ಜಾಗ ಬಿಟ್ಟು ನಿಲ್ಲುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೋರ್ಟು 28 ಮೀಟರ್ ಉದ್ದ, 15 ಮೀಟರ್ ಅಗಲ. ಹೆದರಿದ ತಂಡ ಅದರಲ್ಲಿ ಒಂದು ಕೋಣೆಯಷ್ಟು ಜಾಗದಲ್ಲಿ ಗುಂಪುಗೂಡುತ್ತದೆ. ನಾಲ್ಕೈದು ಮೀಟರ್ ಅಂತರ ಇಟ್ಟುಕೊಂಡರೆ ಒಬ್ಬ ಡಿಫೆಂಡರ್ ಇಬ್ಬರನ್ನು ಕಾಯಲಾರಳು. ಸಹಾಯ ಮಾಡಲೆಂದು ಚೆಂಡಿನ ಹತ್ತಿರ ಓಡಿಬರುವ ಗೆಳತಿ ತನ್ನ ಜೊತೆ ಇನ್ನೊಬ್ಬ ಡಿಫೆಂಡರನ್ನೂ ಕರೆದುಕೊಂಡು ಬರುತ್ತಾಳೆ. ಒಳ್ಳೆಯ ಮನಸ್ಸಿನಿಂದ ಆಗುವ ಟರ್ನೋವರ್ ಇದು.

ಈಗ ಪ್ರೆಸ್. ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲಿನ ಚರಿತ್ರೆಯಲ್ಲಿ ಇದಕ್ಕೊಂದು ಕುತೂಹಲದ ಹಿನ್ನೆಲೆ ಇದೆ. ಜೇಮ್ಸ್ ನೈಸ್ಮಿತ್ 1891ರಲ್ಲಿ ಈ ಆಟ ಹುಟ್ಟುಹಾಕಿದ ಮರುವರ್ಷವೇ ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಅಧ್ಯಾಪಕಿ ಇದನ್ನು ವಿದ್ಯಾರ್ಥಿನಿಯರಿಗೆ ಕಲಿಸಿದರು. ಅವರ ನಿಯಮದಲ್ಲಿ ಕೋರ್ಟು ಮೂರು ಭಾಗ. ತನ್ನ ಭಾಗ ಬಿಟ್ಟು ಯಾರೂ ಹೋಗುವಂತಿಲ್ಲ. ಕೈಯಲ್ಲಿರುವ ಚೆಂಡನ್ನು ಕಸಿಯುವಂತೆಯೂ ಇರಲಿಲ್ಲ. ಹೆಣ್ಣುಮಕ್ಕಳಿಗೆ ಅಷ್ಟು ಓಟ, ಅಷ್ಟು ಜಗ್ಗಾಟ ಆಗದು ಎಂಬ ಕಾಲ ಅದು. ಇಂದು ನಮ್ಮ ಹುಡುಗಿಯರು ಇಡೀ ಕೋರ್ಟು ಓಡುತ್ತಾರೆ, ಇಡೀ ಕೋರ್ಟಿನಲ್ಲಿ ಚೆಂಡಿಗೆ ಕೈ ಹಾಕುತ್ತಾರೆ. ಅದು ನನಗೆ ಸಂತೋಷದ ವಿಷಯ. ಆ ಸ್ವಾತಂತ್ರ್ಯದ ಜೊತೆಗೇ ಪ್ರೆಸ್ ಕೂಡ ಬಂತು, ಅದನ್ನು ಬಿಡಿಸಿಕೊಳ್ಳುವ ವಿದ್ಯೆಯೂ ಬೇಕಾಯಿತು.

ಪ್ರೆಸ್ ಹೇಗೆ ಕೆಲಸ ಮಾಡುತ್ತದೆ? ಕರಾವಳಿಯವರಿಗೆ ಕೈರಂಪಣಿ ಗೊತ್ತು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬಂದು, ಎರಡೂ ತುದಿಯನ್ನು ದಡದಿಂದ ಎಳೆಯುತ್ತಾರೆ. ಮೀನಿಗೆ ಒಂದು ಕಡೆ ಬಲೆ, ಇನ್ನೊಂದು ಕಡೆ ದಡ. ಬಾಸ್ಕೆಟ್‌ಬಾಲಿನಲ್ಲಿ ಆ ದಡ ಎಂದರೆ ಅಂಚುಗೆರೆ. ಎದುರಾಳಿಗಳು ಚೆಂಡು ಇರುವವಳನ್ನು ಮೊದಲು ಗೆರೆಯ ಕಡೆ ತಿರುಗಿಸುತ್ತಾರೆ, ಆಮೇಲೆ ಇನ್ನೊಬ್ಬಳು ಬಂದು ಬಾಯಿ ಮುಚ್ಚುತ್ತಾಳೆ. ಗೆರೆ ದಣಿಯುವುದಿಲ್ಲ, ಮೋಸ ಹೋಗುವುದೂ ಇಲ್ಲ. ಅದರಷ್ಟು ಒಳ್ಳೆಯ ಡಿಫೆಂಡರ್ ಇನ್ನೊಬ್ಬಳಿಲ್ಲ. ಅದಕ್ಕಿಂತ ಕೆಟ್ಟ ಜಾಗ ನಡುಗೆರೆ ದಾಟಿದ ಕೂಡಲೇ ಸಿಗುವ ಮೂಲೆ. 8 ಸೆಕೆಂಡಿನೊಳಗೆ ಚೆಂಡು ನಡುಗೆರೆ ದಾಟಬೇಕು ಎಂಬ ಅವಸರದಲ್ಲಿ ಹುಡುಗಿ ದಾಟುತ್ತಾಳೆ, ನಿಟ್ಟುಸಿರು ಬಿಡುತ್ತಾಳೆ, ಡ್ರಿಬಲ್ ನಿಲ್ಲಿಸುತ್ತಾಳೆ. ಪಕ್ಕದಲ್ಲಿ ಅಂಚುಗೆರೆ, ಹಿಂದೆ ನಡುಗೆರೆ. ಹಿಂದಕ್ಕೆ ಹೋಗುವಂತಿಲ್ಲ, ಹೋದರೆ ಅದೇ ಒಂದು ಟರ್ನೋವರ್. ಮುಂದೆ ಇಬ್ಬರು.

ಬಿಡಿಸಿಕೊಳ್ಳುವ ಮೂಲ ತತ್ವ ಸರಳ. ಒಬ್ಬಳ ಮೇಲೆ ಇಬ್ಬರು ಬಿದ್ದರೆ ಉಳಿದ ಮೂವರು ಡಿಫೆಂಡರುಗಳು ನಾಲ್ವರನ್ನು ಕಾಯಬೇಕು. ಅಂದರೆ ಎಲ್ಲೋ ಒಬ್ಬಳು ಖಾಲಿ ಇದ್ದೇ ಇರುತ್ತಾಳೆ. ಅವಳು ಎಲ್ಲಿರಬೇಕು ಎಂದು ಮೊದಲೇ ಗೊತ್ತಿದ್ದರೆ ಹುಡುಕುವ ಕೆಲಸ ಇಲ್ಲ. ನಾವು ಮೂರು ಜಾಗ ಗೊತ್ತುಮಾಡಿಕೊಂಡಿದ್ದೇವೆ: ಚೆಂಡಿನ ಹಿಂದೆ ಒಬ್ಬಳು, ಕೋರ್ಟಿನ ನಡುವೆ ಒಬ್ಬಳು, ಅದೇ ಅಂಚಿನಲ್ಲಿ ಮುಂದೆ ಒಬ್ಬಳು. ಇವುಗಳಲ್ಲಿ ನಡುವಿನವಳೇ ಮುಖ್ಯ. ಅವಳ ಕೈಗೆ ಚೆಂಡು ಮುಟ್ಟಿದರೆ ಬಲೆ ಹರಿದಂತೆ, ಅಲ್ಲಿಂದ ಮೂರು ದಿಕ್ಕಿಗೂ ದಾರಿ. ಆ ಜಾಗಕ್ಕೆ ನಾನು ಕುಳ್ಳಗಿನ ಚುರುಕು ಹುಡುಗಿಯನ್ನು ಹಾಕುವುದಿಲ್ಲ. ಎತ್ತರದ, ಕೈ ಗಟ್ಟಿಯಿರುವ, ಹಿಡಿದ ಮೇಲೆ ತಿರುಗಿ ನೋಡುವ ತಾಳ್ಮೆ ಇರುವವಳನ್ನು ಹಾಕುತ್ತೇನೆ. ಹೆಚ್ಚಿನ ತಂಡಗಳು ಎತ್ತರದವಳನ್ನು ರಿಂಗಿನ ಹತ್ತಿರ ಓಡಿಸಿಬಿಡುತ್ತವೆ. ಪ್ರೆಸ್ಸಿನಲ್ಲಿ ಅವಳು ಅಲ್ಲಿ ನಿಂತು ಬರಿಗೈ ಬೀಸುತ್ತಿರುತ್ತಾಳೆ.

ಪ್ರೆಸ್ ವಿರುದ್ಧದ ಮೊದಲ ಪಾಸ್ ಗೆರೆಯ ಹೊರಗಿನಿಂದ ಒಳಗೆ ಕೊಡುವ ಥ್ರೋ-ಇನ್. ಅದಕ್ಕೆ 5 ಸೆಕೆಂಡ್ ಇದೆ. ಎದುರಾಳಿ ಬಾಸ್ಕೆಟ್ ಹಾಕಿದ ಮೇಲೆ ಒಳಗೆ ಕೊಡುವವಳು ಕೊನೆಗೆರೆಯ ಉದ್ದಕ್ಕೂ ಓಡಬಹುದು ಎಂಬುದು ಎಷ್ಟೋ ಹುಡುಗಿಯರಿಗೆ ಗೊತ್ತೇ ಇರುವುದಿಲ್ಲ. ಗೊತ್ತಾದ ದಿನ ಮುಖ ಅರಳುತ್ತದೆ. ಇನ್ನೊಂದು ಸಣ್ಣ ವಿಷಯ: ರಿಂಗಿನ ಹಿಂದೆ, ಬೋರ್ಡಿನ ನೇರಕ್ಕೆ ನಿಂತು ಕೊಡಬಾರದು. ಎತ್ತರದ ಪಾಸ್ ಬೋರ್ಡಿಗೆ ತಾಗುತ್ತದೆ.

ಆಟದಲ್ಲಿ ಕೂಗಿ ಹೇಳುವ ಮಾತು ಕೂಡ ಚೆಂಡು ಉಳಿಸುತ್ತದೆ. ನಮ್ಮ ತಂಡದಲ್ಲಿ ಮನೆಯಲ್ಲಿ ತುಳು ಆಡುವವರು, ಕೊಂಕಣಿ ಆಡುವವರು, ಬ್ಯಾರಿ ಆಡುವವರು, ಕಾಸರಗೋಡಿನ ಕಡೆಯಿಂದ ಬರುವ ಮಲಯಾಳದವರು ಎಲ್ಲ ಇದ್ದಾರೆ. ಒತ್ತಡ ಬಿದ್ದಾಗ ಬಾಯಿಗೆ ಬರುವುದು ಮನೆಯ ಮಾತು. "ಪಿರವು!" ಎಂದು ಒಬ್ಬಳು ಕೂಗಿದರೆ, ಹಿಂದೆ ಡಿಫೆಂಡರ್ ಬರುತ್ತಿದ್ದಾಳೆ ಎಂದು ತುಳು ಬಲ್ಲವಳಿಗೆ ಆ ಕ್ಷಣಕ್ಕೆ ಹೊಳೆಯುತ್ತದೆ, ಉಳಿದವಳಿಗೆ ಅರ್ಧ ಸೆಕೆಂಡ್ ತಡ. ಆ ಅರ್ಧ ಸೆಕೆಂಡಿನಲ್ಲೇ ಚೆಂಡು ಹೋಗುತ್ತದೆ. ಹಾಗಾಗಿ ಒಂದು ಶನಿವಾರ ಎಲ್ಲರೂ ಕೂತು ನಾಲ್ಕು ಮಾತು ಗೊತ್ತುಮಾಡಿದೆವು: ಹಿಂದೆ, ನಡು, ಇಲ್ಲಿ, ಒಬ್ಬಳೇ. "ಒಬ್ಬಳೇ" ಎಂದರೆ ನಿನ್ನ ಹತ್ತಿರ ಯಾರೂ ಇಲ್ಲ, ಗಡಿಬಿಡಿ ಬೇಡ. ಈ ನಾಲ್ಕನೆಯದು ಉಳಿದ ಮೂರಕ್ಕಿಂತ ಹೆಚ್ಚು ಚೆಂಡು ಉಳಿಸಿದೆ ಎಂದು ನನಗನ್ನಿಸುತ್ತದೆ. ಹೆದರಿದವಳಿಗೆ ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಯಾರೋ ಇದ್ದಾರೆ ಎಂದೇ ಅನಿಸುತ್ತಿರುತ್ತದೆ.

ಚೆಂಡು, ಮಳೆ, ಬೆವರು: ಮೂರು ಮಾತು ಸಾಕು. ಹೆಣ್ಣುಮಕ್ಕಳ ಪಂದ್ಯಕ್ಕೆ 6ನೇ ಸೈಜಿನ ಚೆಂಡು. ಗಂಡಸರ 7ನೇ ಸೈಜಿಗಿಂತ ಚಿಕ್ಕದು, ಹಗುರ. ಕಾಲೇಜಿನಲ್ಲಿ ಉಳಿದಿರುವ ಹುಡುಗರ ಚೆಂಡಿನಲ್ಲಿ ಅಭ್ಯಾಸ ಮಾಡಿ ಪಂದ್ಯದಲ್ಲಿ 6 ಹಿಡಿದರೆ ಪಾಸಿನ ಅಂದಾಜು ತಪ್ಪುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ತೆರೆದ ಸಿಮೆಂಟ್ ಕೋರ್ಟು ಒಣಗುವುದೇ ಅಪರೂಪ; ಆಟಿ ತಿಂಗಳಲ್ಲಂತೂ ಕೇಳುವುದೇ ಬೇಡ. ಒದ್ದೆ ನೆಲದಲ್ಲಿ ಓಡಿಸುವ ಬದಲು ವರಾಂಡದಲ್ಲಿ ಪಿವಟ್, ಫೇಕ್, ಎರಡು ಮೀಟರಿನ ಪಾಸ್ ಮಾಡಿಸುವುದೇ ಒಳ್ಳೆಯದು. ಮಳೆ ಇಲ್ಲದ ದಿನ ಸೆಕೆ. ಬೆವರಿದ ಅಂಗೈಗೆ ಬೆಂಚಿನ ಮೇಲೆ ಹತ್ತಿ ಬಟ್ಟೆಯ ಬೈರಾಸು ಇರಲೇಬೇಕು.

ಅಭ್ಯಾಸದಲ್ಲಿ ಏನು ಬದಲಿಸಿದೆ ಎಂದು ಕೇಳಿದರೆ, ಸಾಲಿನಲ್ಲಿ ನಿಂತು ಪಾಸ್ ಕೊಡುವುದನ್ನು ಬಹುಮಟ್ಟಿಗೆ ಬಿಟ್ಟೆ. ಎದುರಾಳಿ ಇಲ್ಲದ ಪಾಸಿನಲ್ಲಿ ಕೈ ಕಲಿಯುತ್ತದೆ, ಕಣ್ಣು ಕಲಿಯುವುದಿಲ್ಲ. ಈಗ ದಿನಾ ಹದಿನೈದು ನಿಮಿಷ ಡ್ರಿಬಲ್ ಇಲ್ಲದ ಆಟ: ಅರ್ಧ ಕೋರ್ಟಿನಲ್ಲಿ ನಾಲ್ವರ ವಿರುದ್ಧ ನಾಲ್ವರು, ಚೆಂಡನ್ನು ನೆಲಕ್ಕೆ ಬಡಿಯುವಂತಿಲ್ಲ. ಮೊದಲ ವಾರ ಗೋಳೋ ಗೋಳು. ಎರಡನೇ ವಾರ, ಚೆಂಡು ಇಲ್ಲದವರು ತಾವಾಗಿಯೇ ಓಡುವುದಕ್ಕೆ ಶುರುಮಾಡಿದರು, ಏಕೆಂದರೆ ಓಡದಿದ್ದರೆ ಆಟವೇ ನಡೆಯುವುದಿಲ್ಲ. ಆಮೇಲೆ ಪ್ರೆಸ್ ವಿರುದ್ಧ ಐವರ ಎದುರು ಏಳು ಮಂದಿಯನ್ನು ನಿಲ್ಲಿಸುತ್ತೇನೆ. ಏಳರ ಬಲೆ ಹರಿದು ಬಂದವರಿಗೆ ಪಂದ್ಯದ ದಿನ ಐವರು ಕಡಿಮೆ ಎನಿಸುತ್ತಾರೆ. ಇದನ್ನು ಅಭ್ಯಾಸದ ಕೊನೆಗೆ, ದಣಿದ ಮೇಲೆ ಇಟ್ಟಿದ್ದೇನೆ. ನಾಲ್ಕನೇ ಕ್ವಾರ್ಟರಿನಲ್ಲಿ ಚೆಂಡು ಜಾರುವುದು ದಣಿದ ಕಾಲಿನಿಂದ. ಆದರೆ ಬಜ್ಪೆ, ಮುಲ್ಕಿ ಕಡೆಯ ಹುಡುಗಿಯರಿಗೆ ಬಸ್ಸು ತಪ್ಪಬಾರದು, ಹಾಗಾಗಿ ಕೊನೆಗೆ ಎಂದರೆ ಐದೂವರೆಗೆ ಹತ್ತು ನಿಮಿಷ ಮೊದಲು.

ಮತ್ತೆ ಒಂದು ನೋಟ್‌ಬುಕ್. ಬೆಂಚಿನಲ್ಲಿ ಕೂತ ಹುಡುಗಿ ಪ್ರತಿ ಟರ್ನೋವರಿಗೂ ಒಂದು ಸಾಲು ಬರೆಯುತ್ತಾಳೆ: ಯಾವ ಕ್ವಾರ್ಟರ್, ಕೋರ್ಟಿನ ಯಾವ ಕಡೆ, ಆಟ ನಿಂತಿತೋ ಓಡಿತೋ, ಎರಡು ಸೆಕೆಂಡ್ ಮೊದಲು ಏನಾಗಿತ್ತು. ಯಾರು ಎಂಬ ಕಾಲಂ ಇಲ್ಲ. ಮೊದಲು ಇತ್ತು, ನಾನೇ ಹೊಡೆದುಹಾಕಿದೆ. ಹೆಸರು ಇದ್ದಾಗ ಹುಡುಗಿಯರು ತಮ್ಮ ಸಾಲನ್ನು ಎಣಿಸುತ್ತಿದ್ದರು. ಹೆಸರು ಹೋದ ಮೇಲೆ ಕೊನೆಯ ಕಾಲಂ ಓದುತ್ತಾರೆ. ಬರೆಯುವ ಹುಡುಗಿಗೂ ಲಾಭವಾಯಿತು. ನಮ್ಮ ಬದಲಿ ಗಾರ್ಡ್ (ಚೆಂಡನ್ನು ಮುಂದಕ್ಕೆ ತರುವವಳು) ಒಂದು ತಿಂಗಳು ಬರೆದ ಮೇಲೆ ಕೋರ್ಟಿಗೆ ಇಳಿದಾಗ, ಪ್ರೆಸ್ಸಿನ ಎರಡನೇ ಡಿಫೆಂಡರ್ ಎಲ್ಲಿಂದ ಬರುತ್ತಾಳೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಬೈಯುವುದರ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯ ಉಂಟು. ಒಂದು ಪಾಸ್ ತಪ್ಪಿದ ಕೂಡಲೇ ಹೊರಗೆ ಕರೆದು ಕೂರಿಸುವುದನ್ನು ನಾನು ಆಡುವ ಕಾಲದಲ್ಲಿ ಅನುಭವಿಸಿದ್ದೇನೆ. ಆಗ ಆಟಗಾರ್ತಿ ಕಲಿಯುವುದು ಚೆಂಡು ಉಳಿಸುವುದನ್ನಲ್ಲ, ಚೆಂಡು ತನ್ನ ಹತ್ತಿರ ಇರದ ಹಾಗೆ ನೋಡಿಕೊಳ್ಳುವುದನ್ನು. ಬಂದ ಚೆಂಡನ್ನು ಪಕ್ಕದವಳಿಗೆ ದಾಟಿಸಿ ಕೈತೊಳೆದುಕೊಳ್ಳುತ್ತಾಳೆ. ಪಕ್ಕದವಳು ಅದನ್ನೇ ಮಾಡುತ್ತಾಳೆ. ಕೊನೆಗೆ ತಂಡದಲ್ಲೇ ಹೊಸಬಳ ಕೈಯಲ್ಲಿ, 24 ಸೆಕೆಂಡ್ ಮುಗಿಯುತ್ತ ಬಂದಾಗ, ಚೆಂಡು ಹೋಗಿ ನಿಲ್ಲುತ್ತದೆ. ಕಡಿಮೆಯಾಗಬೇಕಾದ ಟರ್ನೋವರುಗಳು ಒಂದು ಬಗೆ. ಹೆದರದೆ ರಿಂಗಿನ ಹತ್ತಿರಕ್ಕೆ ಪಾಸ್ ಪ್ರಯತ್ನಿಸಿ ತಪ್ಪಿದ್ದು ಇನ್ನೊಂದು ಬಗೆ. ಎರಡನೆಯದನ್ನು ನಾನು ಒಪ್ಪಿಕೊಂಡಿದ್ದೇನೆ. ಅದು ಪೂರ್ತಿ ನಿಂತರೆ ಆ ತಂಡ ಹೊರಗಿಂದ ದೂರದ ಶಾಟ್ ಹೊಡೆಯುವುದನ್ನು ಬಿಟ್ಟು ಬೇರೇನೂ ಮಾಡುತ್ತಿಲ್ಲ ಎಂದು ಅರ್ಥ.

ಮೊನ್ನೆ ಅಭ್ಯಾಸದಲ್ಲಿ ಏಳರ ವಿರುದ್ಧ ಐವರು ಆಡುತ್ತಿದ್ದಾಗ ನಮ್ಮ ಮೊದಲ ವರ್ಷದ ಗಾರ್ಡ್ ನಡುಗೆರೆ ದಾಟಿ ಅದೇ ಮೂಲೆಯಲ್ಲಿ ಸಿಕ್ಕಿಬಿದ್ದಳು. ಚೆಂಡು ಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ನಡುವಿನವಳ ಕಡೆ ತಿರುಗಿ, "ನೀನು ನಡುವಿಗೆ ಬಂದದ್ದು ಸರಿ ಇತ್ತು ಮಾರಾಯ್ತಿ, ನಾನೇ ದಾಟುವ ಮೊದಲು ನೋಡ್ಲಿಲ್ಲ" ಎಂದಳು. ಬೆಂಚಿನಲ್ಲಿ ಕೂತವಳು ಆಗಲೇ ನೋಟ್‌ಬುಕ್ಕಿನ ಕೊನೆಯ ಕಾಲಂ ತುಂಬಿಸಿಯಾಗಿತ್ತು: ದಾಟುವ ಮೊದಲು ತಲೆ ಕೆಳಗೆ. ಮತ್ತೆ ಕೊನೆಗೆರೆಯಿಂದ ಶುರುಮಾಡಿದರು.